ಜಾನ್ ವೆಸ್ಲಿಯ ಅಂತರಂಗ

ವೆಸ್ಲಿ ಎಂಬ ಹೆಸರು ಕನ್ನಡಿಗರ ಕಿವಿಗೆ ಹೊಸದಲ್ಲ. ವೆಸ್ಲಿಯನ್ ಮಿಷನ್ನಿನವರು ಮೈಸೂರಿನಲ್ಲಿ 1887ರಲ್ಲಿ ಆರಂಭಿಸಿದ ವೃತ್ತಾಂತ ಪತ್ರಿಕೆಯನ್ನು ಕನ್ನಡ ಪತ್ರಿಕೆಗಳ ಚರಿತ್ರೆ ಓದಿದವರೆಲ್ಲ ಬಲ್ಲರು. ಅವರ ಮುದ್ರಣಾಲಯದಿಂದ ಹೊರಬಂದ ಕನ್ನಡ ಪುಸ್ತಕಗಳು ಹಳೆಯ ಪುಸ್ತಕ ಭಂಡಾರಗಳಲ್ಲಿ ಇಂದಿಗೂ ಕೈಗೆ ಸಿಗುತ್ತವೆ. ಆದರೆ ಆ ಹೆಸರಿನ ಮೂಲಪುರುಷನು ಎಂತಹವನು ಎಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ. ಇಂಗ್ಲೆಂಡಿನ ಇತಿಹಾಸವನ್ನು ಹೇಳುವ ಪಠ್ಯಪುಸ್ತಕದಲ್ಲಿ ಅವನಿಗೆ ದೊರೆಯುವುದು ಹೆಚ್ಚೆಂದರೆ ಅರ್ಧ ಪುಟ. ಕುದುರೆಯೇರಿ ಊರೂರು ಸುತ್ತಿದನು, ಬಯಲಿನಲ್ಲಿ ನಿಂತು ಬೋಧಿಸಿದನು, ಮೆಥಡಿಸ್ಟ್ ಪಂಥಕ್ಕೆ ಕಾರಣನಾದನು, ಅಲ್ಲಿಗೆ ಮುಗಿಯಿತು. ಇಷ್ಟನ್ನೇ ಓದಿದವರಿಗೆ ಅವನೊಬ್ಬ ಉಕ್ಕಿನ ಮನುಷ್ಯನೆಂದೂ, ತನ್ನ ವಿಷಯದಲ್ಲಿ ಎಂದೂ ಶಂಕೆಪಡದವನೆಂದೂ ತೋರಿದರೆ ಆಶ್ಚರ್ಯವಿಲ್ಲ. ಅವನ ದಿನಚರಿಯಲ್ಲಿಯೂ ಪತ್ರಗಳಲ್ಲಿಯೂ ಕಾಣುವ ವೆಸ್ಲಿಯು ಬೇರೆ. ಆ ಎರಡನೆಯ ವೆಸ್ಲಿಯ ಕಥೆಯನ್ನು ನಮ್ಮ ಕಾಲೇಜಿನ ಮಿತ್ರರ ಮುಂದಿಡಬೇಕೆಂಬುದು ನನ್ನ ಉದ್ದೇಶ. ಅವನ ಜೀವನದ ಮೊದಲ ಅಂಕವೂ ಒಂದು ಕಾಲೇಜಿನಲ್ಲಿಯೇ ನಡೆಯಿತಷ್ಟೆ.

ಜಾನ್ ವೆಸ್ಲಿಯು ಹುಟ್ಟಿದ್ದು 1703ರ ಜೂನ್ ತಿಂಗಳಲ್ಲಿ, ಲಿಂಕನ್‌ಷೈರ್ ಪ್ರಾಂತದ ಎಪ್‌ವರ್ತ್ ಎಂಬ ಸಣ್ಣ ಊರಿನಲ್ಲಿ. ತಂದೆ ಸ್ಯಾಮ್ಯುಅಲ್ ಅಲ್ಲಿಯ ಪಾದ್ರಿ. ವಿದ್ವಾಂಸನೂ ಹೌದು, ಕವಿಯೂ ಹೌದು, ಸಾಲಗಾರನೂ ಹೌದು. ಸಾಲ ತೀರಿಸಲಾರದೆ ಸೆರೆಮನೆಯನ್ನು ಕಂಡು ಬಂದವನು. ತಾಯಿ ಸುಸಾನಾ 19 ಮಕ್ಕಳನ್ನು ಹೆತ್ತವಳು; ಅವರಲ್ಲಿ ಸುಮಾರು ಅರ್ಧ ಮಂದಿ ಎಳವೆಯಲ್ಲಿಯೇ ತೀರಿಕೊಂಡರು. ಮನೆಯ ಶಿಸ್ತೆಲ್ಲ ಆ ತಾಯಿಯದು. ಮಗುವಿಗೆ ಐದು ವರ್ಷ ತುಂಬಿದ ಮರುದಿನ ಅಕ್ಷರಾಭ್ಯಾಸ; ಅಂದೇ ಸಂಜೆಯೊಳಗೆ ಅಕ್ಷರಮಾಲೆಯೆಲ್ಲ ಬಂದಿರಬೇಕು. ಅಷ್ಟು ಮಕ್ಕಳ ನಡುವೆಯೂ ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವಿಗೆ ಮೀಸಲು. ಜಾನನ ಪಾಲಿಗೆ ಬಂದದ್ದು ಗುರುವಾರ. ಮುಂದೆ ಆಕ್ಸ್‌ಫರ್ಡಿನಲ್ಲಿ ತಾನೇ ಅಧ್ಯಾಪಕನಾಗಿದ್ದ ಕಾಲದಲ್ಲಿ, ಆ ಗುರುವಾರದ ಸಂಜೆಯ ಸ್ವಲ್ಪ ಹೊತ್ತನ್ನು ಮತ್ತೆ ತನಗಾಗಿ ತೆಗೆದಿಡಬೇಕೆಂದು ಅವನು ತಾಯಿಗೆ ಕಾಗದ ಬರೆದನು. ಮೂವತ್ತರ ಹತ್ತಿರ ಬಂದ ಗಂಡಸು ಬರೆದ ಆ ಕಾಗದದಲ್ಲಿ ಅವನ ಸ್ವಭಾವದ ಒಂದು ಎಳೆ ಕಾಣುತ್ತದೆ. ತಾನು ಸರಿಯಾಗಿದ್ದೇನೆಯೇ ಎಂದು ಯಾರಾದರೊಬ್ಬರು ಹೇಳಬೇಕು, ಹೇಳುವವರೆಗೆ ನೆಮ್ಮದಿಯಿಲ್ಲ.

1709ರ ಫೆಬ್ರವರಿಯ ಒಂದು ರಾತ್ರಿ ಪಾದ್ರಿಯ ಮನೆಗೆ ಬೆಂಕಿ ಬಿದ್ದಿತು. ಎಲ್ಲರೂ ಹೊರಗೆ ಬಂದ ಮೇಲೆ ಜಾನನೊಬ್ಬನು ಮಹಡಿಯಲ್ಲಿ ಉಳಿದಿರುವುದು ತಿಳಿಯಿತು. ಏಣಿ ತರಲು ಹೊತ್ತಿರಲಿಲ್ಲ. ನೆರೆಯವನೊಬ್ಬನ ಹೆಗಲ ಮೇಲೆ ಇನ್ನೊಬ್ಬನು ನಿಂತು ಕಿಟಕಿಯಿಂದ ಹುಡುಗನನ್ನು ಎಳೆದುಕೊಂಡ ಕ್ಷಣದಲ್ಲಿಯೇ ಸೂರು ಕುಸಿಯಿತು. ದೇವರು ಇಷ್ಟು ಕರುಣೆಯಿಂದ ಉಳಿಸಿಕೊಟ್ಟ ಈ ಮಗುವಿನ ಆತ್ಮದ ವಿಷಯದಲ್ಲಿ ಹೆಚ್ಚಿನ ಎಚ್ಚರ ವಹಿಸಬೇಕೆಂದು ತಾಯಿ ಸಂಕಲ್ಪ ಮಾಡಿದಳು. ತಾನು ಯಾವುದೋ ಕಾರ್ಯಕ್ಕಾಗಿ ಬೆಂಕಿಯ ಬಾಯಿಂದ ಉಳಿದವನೆಂಬ ಭಾವನೆ ಮಗನಲ್ಲಿಯೂ ಬೇರೂರಿತು. ಇಂತಹ ಭಾವನೆಯು ಧೈರ್ಯವನ್ನು ಕೊಡುತ್ತದೆಂದು ನಾವು ತಿಳಿಯುತ್ತೇವೆ. ಆದರೆ ಅದು ಹೆಗಲ ಮೇಲಿನ ಹೊರೆಯೂ ಆಗಬಲ್ಲದು. ಉಳಿದದ್ದಕ್ಕೆ ತಕ್ಕವನಾಗಿ ಬಾಳುತ್ತಿದ್ದೇನೆಯೇ ಎಂದು ದಿನದಿನವೂ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಲಂಡನ್ನಿನ ಚಾರ್ಟರ್‌ಹೌಸ್ ಶಾಲೆ, ಅನಂತರ 1720ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು. 1725ರಲ್ಲಿ ಪೌರೋಹಿತ್ಯದ ಮೊದಲ ದೀಕ್ಷೆ. ಮರುವರ್ಷ ಲಿಂಕನ್ ಕಾಲೇಜಿನಲ್ಲಿ ಫೆಲೋ ಪದವಿ. ಗ್ರೀಕ್ ಮತ್ತು ತರ್ಕಶಾಸ್ತ್ರಗಳಲ್ಲಿ ಒಳ್ಳೆಯ ಹೆಸರು. ಇಷ್ಟಾದರೆ ಸಾಮಾನ್ಯನಿಗೆ ತೃಪ್ತಿಯಾಗಬೇಕು. ವೆಸ್ಲಿಗೆ ಆಗಲಿಲ್ಲ.

ಅವನ ತಮ್ಮ ಚಾರ್ಲ್ಸನು ಅಲ್ಲಿಯೇ ಓದುತ್ತಿದ್ದನು. ಆತನು ಕೆಲವು ಗೆಳೆಯರೊಡನೆ ಶ್ರದ್ಧೆಯಿಂದ ಓದು, ಪ್ರಾರ್ಥನೆ, ವಾರವಾರವೂ ಪ್ರಭುಭೋಜನ ಎಂದು ನೇಮ ಹಿಡಿದಿದ್ದನು. 1729ರಲ್ಲಿ ಜಾನನು ಆ ಗುಂಪಿನ ಮುಖಂಡನಾದನು. ಉಳಿದ ವಿದ್ಯಾರ್ಥಿಗಳು ಇವರನ್ನು ಕಂಡು ನಗುತ್ತಿದ್ದರು; ಪವಿತ್ರ ಸಂಘದವರೆಂದರು, ಎಲ್ಲವನ್ನೂ ಕ್ರಮಬದ್ಧವಾಗಿ ಮಾಡುವವರೆಂಬ ಅರ್ಥದಲ್ಲಿ ಮೆಥಡಿಸ್ಟರೆಂದರು. ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು ಜಗತ್ತಿನ ಒಂದು ದೊಡ್ಡ ಸಭೆಯ ನಿಜವಾದ ಹೆಸರೇ ಆದದ್ದು ಇತಿಹಾಸದ ವಿನೋದಗಳಲ್ಲಿ ಒಂದು. ಹಾಸ್ಟೆಲುಗಳಲ್ಲಿ ಅಡ್ಡಹೆಸರು ಹಂಚುವವರು ಇದನ್ನು ನೆನಪಿನಲ್ಲಿಡಬಹುದು.

ಆ ಗುಂಪಿನ ನೇಮಗಳು ಕಠಿನವಾಗಿದ್ದವು. ನಸುಕಿಗೆ ಮೊದಲೇ ಏಳುವುದು, ಬುಧವಾರ ಶುಕ್ರವಾರ ಉಪವಾಸ, ಸೆರೆಮನೆಯ ಕೈದಿಗಳನ್ನು ಕಾಣುವುದು, ಬಡಮಕ್ಕಳಿಗೆ ಓದು ಕಲಿಸುವುದು. ವೆಸ್ಲಿಯು ಗಂಟೆಗಂಟೆಗೂ ತಾನು ಏನು ಮಾಡಿದೆ, ಮನಸ್ಸು ಹೇಗಿತ್ತು ಎಂಬುದನ್ನು ಸಂಕೇತಾಕ್ಷರಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದನು. ಹಣದ ವಿಷಯದಲ್ಲಿಯೂ ಹಾಗೆಯೇ. ವರ್ಷಕ್ಕೆ 30 ಪೌಂಡು ವರಮಾನವಿದ್ದಾಗ 28ರಲ್ಲಿ ಜೀವನ ನಡೆಸಿ ಎರಡನ್ನು ದಾನಮಾಡಿ, ವರಮಾನ 60 ಆದಾಗಲೂ 28ರಲ್ಲಿಯೇ ಉಳಿದು ಮಿಕ್ಕದ್ದೆಲ್ಲವನ್ನೂ ಕೊಟ್ಟುಬಿಟ್ಟ ಒಬ್ಬ ಯುವಕನ ಸಂಗತಿಯನ್ನು ಅವನು ಮುಂದೆ ಒಂದು ಉಪದೇಶದಲ್ಲಿ ಹೇಳುತ್ತಾನೆ. ಆ ಯುವಕನು ತಾನೇ ಎಂದು ಅವನು ಹೇಳಿಲ್ಲ. ಬಲ್ಲವರೆಲ್ಲ ಹಾಗೆಂದೇ ತಿಳಿದಿದ್ದಾರೆ.

ಇಷ್ಟು ಮಾಡಿಯೂ ದೇವರು ತನ್ನನ್ನು ಒಪ್ಪಿಕೊಂಡಿದ್ದಾನೆಂಬ ನೆಚ್ಚಿಕೆ ಅವನಿಗೆ ಬರಲಿಲ್ಲ. ನೇಮ ಹೆಚ್ಚಿದಷ್ಟೂ ಕೊರತೆ ಎದ್ದು ಕಾಣುತ್ತಿತ್ತು. ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿದವನಿಗೆ ತೂಕದ ವ್ಯತ್ಯಾಸ ಹೆಚ್ಚಾಗಿಯೇ ತಿಳಿಯುತ್ತದಲ್ಲವೇ? ತಂದೆಗೆ ಮುಪ್ಪು ಬಂದು, ತನ್ನ ಅನಂತರ ಎಪ್‌ವರ್ತಿನ ಸಭೆಯನ್ನು ವಹಿಸಿಕೊಳ್ಳೆಂದು ಬೇಡಿಕೊಂಡಾಗ ಜಾನನು ಉದ್ದವಾದ ಪತ್ರ ಬರೆದು ನಿರಾಕರಿಸಿದನು. ಆಕ್ಸ್‌ಫರ್ಡಿನಲ್ಲಿದ್ದರೆ ತನ್ನ ಆತ್ಮಕ್ಕೆ ಹಿತವೆಂಬುದೇ ಅದರ ಸಾರಾಂಶ. 1735ರ ವಸಂತದಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ ಅಕ್ಟೋಬರಿನಲ್ಲಿ ಮಗನು ಅಮೆರಿಕದ ಜಾರ್ಜಿಯಾ ವಸಾಹತಿಗೆ ಪಾದ್ರಿಯಾಗಿ ಹಡಗು ಹತ್ತಿದನು. ಹೊರಡುವಾಗ ಒಬ್ಬ ಹಿತೈಷಿಗೆ ಬರೆದ ಪತ್ರದಲ್ಲಿ ಮುಖ್ಯ ಕಾರಣವನ್ನು ಮುಚ್ಚಿಡದೆ ತಿಳಿಸಿದನು: ಅಲ್ಲಿಯ ಆದಿವಾಸಿಗಳಿಗೆ ಸುವಾರ್ತೆ ಸಾರುವುದು ನಿಜ, ಆದರೆ ಎಲ್ಲಕ್ಕೂ ಮಿಗಿಲಾದ ಆಸೆ ತನ್ನ ಆತ್ಮವನ್ನು ಉಳಿಸಿಕೊಳ್ಳುವುದು. ಮತಪ್ರಚಾರಕರನ್ನು ನಾವು ಸಾಮಾನ್ಯವಾಗಿ ತಮ್ಮಲ್ಲಿ ತುಂಬಿದ್ದನ್ನು ಹಂಚಲು ಹೊರಟವರೆಂದು ಭಾವಿಸುತ್ತೇವೆ. ಈತನು ಹೊರಟದ್ದು ಬರಿಗೈಯಲ್ಲಿ.

ಹಡಗಿನಲ್ಲಿ ಜರ್ಮನ್ ಭಾಷೆಯಾಡುವ ಮೊರೇವಿಯನ್ ಪಂಥದ 26 ಮಂದಿ ಇದ್ದರು. ಬಡವರು, ದೀನರು, ಇತರರು ಹೇಸುವ ಕೆಲಸಗಳನ್ನು ಕೇಳಿ ಮಾಡುವವರು. 1736ರ ಜನವರಿ 25ರಂದು ಭಾರಿ ಬಿರುಗಾಳಿ ಎದ್ದಿತು. ಮೊರೇವಿಯನ್ನರು ಆರಾಧನೆಯ ಮೊದಲಲ್ಲಿ ಕೀರ್ತನೆ ಹಾಡುತ್ತಿದ್ದಂತೆಯೇ ಒಂದು ಹೆದ್ದೆರೆ ಹಡಗಿನ ಮೇಲೆ ಬಿದ್ದು, ದೊಡ್ಡ ಹಾಯಿಯನ್ನು ಹರಿದು ಚೂರುಮಾಡಿ, ಒಳಗೆಲ್ಲ ನೀರು ಸುರಿಯಿತು. ಇಂಗ್ಲಿಷರು ಚೀರಿಕೊಂಡರು. ಆ ಜರ್ಮನರ ಹಾಡು ನಿಲ್ಲಲಿಲ್ಲ. ಅನಂತರ ವೆಸ್ಲಿಯು ಅವರಲ್ಲಿ ಒಬ್ಬನನ್ನು ಹೆದರಿಕೆಯಾಗಲಿಲ್ಲವೇ ಎಂದು ಕೇಳಿದನು. ಇಲ್ಲವೆಂದು ಉತ್ತರ ಬಂದಿತು. ಹೆಂಗಸರಿಗೂ ಮಕ್ಕಳಿಗೂ ಆಗಲಿಲ್ಲವೇ ಎಂದರೆ, ಅವರಿಗೂ ಸಾವಿನ ಭಯವಿಲ್ಲವೆಂದನು. ವೆಸ್ಲಿಗೆ ಆಗಿತ್ತು. ಆಕ್ಸ್‌ಫರ್ಡಿನ ಫೆಲೋ, ದೀಕ್ಷೆ ಪಡೆದ ಪುರೋಹಿತ, ಹತ್ತು ವರ್ಷ ನೇಮ ತಪ್ಪದವನು ಸಾಯಲು ಅಂಜುತ್ತಿದ್ದಾನೆ. ಮಡಿಲ ಮಗುವನ್ನು ಹಿಡಿದ ಒಬ್ಬ ಹೆಂಗಸು ಅಂಜುತ್ತಿಲ್ಲ. ಈ ಪ್ರಶ್ನೆ ಅವನನ್ನು ಎರಡು ವರ್ಷ ಬಿಡಲಿಲ್ಲ.

ದಡ ಸೇರಿದ ಮೇಲೆ ಸ್ಪಾಂಗನ್‌ಬರ್ಗ್ ಎಂಬ ಮೊರೇವಿಯನ್ ಹಿರಿಯನು ಅವನನ್ನು, ಯೇಸುಕ್ರಿಸ್ತನನ್ನು ಬಲ್ಲೆಯಾ ಎಂದು ಕೇಳಿದನು. ಆತನು ಲೋಕರಕ್ಷಕನೆಂದು ಬಲ್ಲೆನೆಂದು ವೆಸ್ಲಿಯ ಉತ್ತರ. ಅದು ಸರಿ, ನಿನ್ನನ್ನು ರಕ್ಷಿಸಿದನೆಂದು ಬಲ್ಲೆಯಾ ಎಂದು ಮರುಪ್ರಶ್ನೆ. ವೆಸ್ಲಿಯು ತಡವರಿಸಿದನು, ಕೊನೆಗೆ ಬಲ್ಲೆನೆಂದನು. ಆ ಮಾತು ಪೊಳ್ಳಾಗಿತ್ತೆಂಬ ಅಂಜಿಕೆಯನ್ನು ಆಮೇಲೆ ದಿನಚರಿಯಲ್ಲಿ ಬರೆದಿಟ್ಟನು. ಪರೀಕ್ಷೆಯಲ್ಲಿ ಉತ್ತರ ಬರೆದು ಬಂದ ಮೇಲೆ ತನಗೆ ವಿಷಯವೇ ತಿಳಿದಿರಲಿಲ್ಲವೆಂದು ಅರಿತವನ ಸ್ಥಿತಿ ಇದು.

ಜಾರ್ಜಿಯಾದ ಕಥೆಯನ್ನು ಬೇಗ ಮುಗಿಸುತ್ತೇನೆ. ಅವನೂ ಅಲ್ಲಿಂದ ಬೇಗ ಹೊರಡಬೇಕಾಯಿತು. ಆದಿವಾಸಿಗಳ ನಡುವೆ ಕೆಲಸ ನಡೆಯಲೇ ಇಲ್ಲ. ಸವಾನಾ ಊರಿನ ಬಿಳಿಯರಿಗೆ ಅವನ ಕಟ್ಟುನಿಟ್ಟು ಹಿಡಿಸಲಿಲ್ಲ. ಸೋಫಿಯಾ ಹಾಪ್ಕಿ ಎಂಬ ತರುಣಿಯಲ್ಲಿ ಅವನಿಗೆ ಪ್ರೀತಿ ಹುಟ್ಟಿತು, ಮದುವೆಯಾಗಬೇಕೋ ಬೇಡವೋ ಎಂದು ನಿರ್ಧರಿಸಲಾರದೆ ಚೀಟಿ ಎತ್ತಿದನು, ಬೇಡವೆಂದು ಬಂದಿತು. ಆಕೆ 1737ರ ಮಾರ್ಚಿನಲ್ಲಿ ಇನ್ನೊಬ್ಬನನ್ನು ಮದುವೆಯಾದಳು. ಕೆಲವು ತಿಂಗಳ ಮೇಲೆ ವೆಸ್ಲಿಯು ಸಭೆಯ ನಿಯಮವನ್ನು ಮುಂದುಮಾಡಿ ಆಕೆಗೆ ಪ್ರಭುಭೋಜನವನ್ನು ನಿರಾಕರಿಸಿದನು. ನಿಯಮ ಇದ್ದದ್ದು ನಿಜ. ಆದರೆ ಮನಸ್ಸಿನ ಗಾಯಕ್ಕೂ ಆ ನಿರಾಕರಣೆಗೂ ಸಂಬಂಧವಿರಲಿಲ್ಲವೆಂದು ನಂಬುವುದು ನನಗೆ ಕಷ್ಟ. ಆಕೆಯ ಬಂಧು ಆ ಊರಿನ ಮುಖ್ಯ ನ್ಯಾಯಾಧಿಕಾರಿ. ವೆಸ್ಲಿಯ ಮೇಲೆ ಹತ್ತು ಆರೋಪಗಳು ಬಂದವು. ಡಿಸೆಂಬರ್ 2ರ ಸಂಜೆ ಕತ್ತಲಾದ ಮೇಲೆ ದೋಣಿ ಹತ್ತಿ ಹೊರಟವನು 1738ರ ಫೆಬ್ರವರಿ 1ರಂದು ಇಂಗ್ಲೆಂಡಿನ ದಡ ಮುಟ್ಟಿದನು. ಇತರರನ್ನು ತಿದ್ದಲು ಹೋದ ತಾನೇ ಎಂದೂ ತಿದ್ದಿಕೊಂಡವನಲ್ಲವೆಂದು ಆ ದಿನಗಳ ಬರವಣಿಗೆಯಲ್ಲಿ ತನ್ನ ಮೇಲೆ ತೀರ್ಪು ಬರೆದುಕೊಂಡನು.

ಒಂದು ವಾರದೊಳಗೆ ಲಂಡನ್ನಿನಲ್ಲಿ ಅವನಿಗೆ ಪೀಟರ್ ಬೋಲರ್ ಎಂಬ ಮೊರೇವಿಯನ್ ತರುಣನ ಪರಿಚಯವಾಯಿತು. ವೆಸ್ಲಿಗಿಂತ ಒಂಬತ್ತು ವರ್ಷ ಕಿರಿಯನು. ಅವರ ಮಾತುಕತೆಯ ತಿರುಳು ಇಷ್ಟು: ವಿಶ್ವಾಸವೆಂಬುದು ದುಡಿದು ಗಳಿಸುವ ಸಂಬಳವಲ್ಲ, ಕೈಚಾಚಿ ಪಡೆಯುವ ದಾನ. ತನ್ನಲ್ಲಿ ವಿಶ್ವಾಸವಿಲ್ಲವೆಂದು ವೆಸ್ಲಿಗೆ ಖಚಿತವಾಯಿತು. ಹಾಗಾದರೆ ಬೋಧಿಸುವುದನ್ನು ಬಿಟ್ಟುಬಿಡಲೇ ಎಂದು ಕೇಳಿದನು. ಬಿಡಬೇಡ, ಬರುವವರೆಗೂ ಅದನ್ನೇ ಬೋಧಿಸು, ಬಂದ ಮೇಲೆ ಬಂದಿತೆಂದು ಬೋಧಿಸು ಎಂಬರ್ಥದ ಸಲಹೆ ಬೋಲರನಿಂದ ಬಂದಿತು. ಇದು ಆತ್ಮವಂಚನೆಯ ಉಪದೇಶವೆಂದು ನಮ್ಮಲ್ಲಿ ಕೆಲವರಿಗೆ ತೋರಬಹುದು. ನಾನೂ ಅದನ್ನು ಕುರಿತು ಬಹಳ ಯೋಚಿಸಿದ್ದೇನೆ. ಆದರೆ ವೈದ್ಯನಿಗೆ ಜ್ವರ ಬಂದಿದ್ದರೆ ಅವನು ಕೊಡುವ ಔಷಧ ಸುಳ್ಳಾಗುವುದಿಲ್ಲ. ಮಾರ್ಚ್ 6ರಂದು ವೆಸ್ಲಿಯು ಹಾಗೆ ಮೊದಲು ಬೋಧಿಸಿದ್ದು ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿಗೆ. ಒಳ್ಳೆಯ ಕೆಲಸ ಮಾಡಿ ತೋರಿಸಲು ಆ ಮನುಷ್ಯನಿಗೆ ಕಾಲವೇ ಉಳಿದಿರಲಿಲ್ಲ.

ಮೇ 24, ಬುಧವಾರ. ಮೂರು ದಿನದ ಹಿಂದೆ ಕಾಯಿಲೆಯಾಗಿ ಮಲಗಿದ್ದ ತಮ್ಮ ಚಾರ್ಲ್ಸನಿಗೆ ಬೇಕಾದ ಶಾಂತಿ ಸಿಕ್ಕಿತ್ತು, ಅಣ್ಣನಿಗೆ ಸಿಕ್ಕಿರಲಿಲ್ಲ. ಸಂಜೆ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಕೂಟಕ್ಕೆ ಅವನು ಮನಸ್ಸಿಲ್ಲದ ಮನಸ್ಸಿನಿಂದ ಹೋದನು. ಯಾರೋ ಒಬ್ಬರು, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರನು ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಓದಿದವರ ಹೆಸರನ್ನೂ ವೆಸ್ಲಿಯು ದಾಖಲೆ ಮಾಡಿಲ್ಲ. ಹೊತ್ತನ್ನು ಮಾತ್ರ ಬರೆದಿದ್ದಾನೆ, ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇತ್ತು. ತನ್ನ ಎದೆಯೊಳಗೆ ಹಿಂದೆಂದೂ ಇಲ್ಲದ ಒಂದು ಬೆಚ್ಚನೆಯ ಭಾವವನ್ನು ಅವನು ಕಂಡನು. ರಕ್ಷಣೆಗಾಗಿ ತನ್ನನ್ನು ಬಿಟ್ಟು ಕ್ರಿಸ್ತನೊಬ್ಬನನ್ನೇ ನಚ್ಚಿದ್ದೇನೆಂದೂ, ಕ್ಷಮೆಯು ಲೋಕಕ್ಕೆಂಬಂತೆ ತನಗೂ ಬಂದಿದೆಯೆಂದೂ ನಿಶ್ಚಯವಾಯಿತು. ಸ್ಪಾಂಗನ್‌ಬರ್ಗನ ಪ್ರಶ್ನೆಗೆ ಎರಡು ವರ್ಷ ಕಳೆದ ಮೇಲೆ ಉತ್ತರ ದೊರೆಯಿತು. ಹತ್ತು ಗಂಟೆಯ ಹೊತ್ತಿಗೆ ಗೆಳೆಯರು ಅವನನ್ನು ತಮ್ಮನ ಹಾಸಿಗೆಯ ಬಳಿಗೆ ಕರೆತಂದರು. ಎಲ್ಲರೂ ಕೂಡಿ ಹಾಡಿದರು.

ಚರಿತ್ರಕಾರರು ಬಹುಮಟ್ಟಿಗೆ ಇಲ್ಲಿ ಪರದೆ ಇಳಿಸಿ, ಅಂದಿನಿಂದ ಅವನು ಹೊಸ ಮನುಷ್ಯನೆನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ವೆಸ್ಲಿಯ ಬರವಣಿಗೆಯೇ ಅದನ್ನು ಒಪ್ಪುವುದಿಲ್ಲ. ಅದೇ ರಾತ್ರಿ ಮನೆಗೆ ಬಂದ ಮೇಲೆ ಶಂಕೆಗಳು ಮುತ್ತಿದವು. ಹೇಳಿಕೊಂಡಷ್ಟು ಆನಂದ ಏಕೆ ಇಲ್ಲವೆಂದು ಕೊರಗಿದನು. ಏಳು ತಿಂಗಳ ಮೇಲೆ, 1739ರ ಜನವರಿಯಲ್ಲಿ, ತಾನು ಕ್ರೈಸ್ತನೇ ಅಲ್ಲವೆಂದು ಮತ್ತೆ ದಿನಚರಿಯಲ್ಲಿ ಬರೆದನು. ಅವನು ಆಗಾಗ್ಗೆ ಹೀಗೆ ಸಾರುವುದನ್ನು ಕೇಳಿ ಪರಿಚಯದ ಮನೆಯ ಗೃಹಿಣಿಯೊಬ್ಬಳು ಇವನಿಗೆ ಬುದ್ಧಿ ಕೆಟ್ಟಿತೆಂದು ಅವನ ಅಣ್ಣನಿಗೆ ಕಾಗದ ಬರೆದಳು. ಆಕೆಯ ಮೇಲೆ ನನಗೆ ಕೋಪವಿಲ್ಲ.

ಹಾಗಾದರೆ ಬದಲಾದದ್ದೇನು? ಇದಕ್ಕೆ ಉತ್ತರವನ್ನು ವೆಸ್ಲಿಯು ತನ್ನ ಎಪ್ಪತ್ತನೆಯ ವಯಸ್ಸಿನ ಸುಮಾರಿಗೆ ಕೊಟ್ಟಿದ್ದಾನೆ. ತನ್ನ ಕೃತಿಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿಸುವಾಗ, ಜಾರ್ಜಿಯಾದಿಂದ ಬಂದಾಗ ತನ್ನ ಮೇಲೆ ಬರೆದುಕೊಂಡಿದ್ದ ತೀರ್ಪಿನ ಅಡಿಯಲ್ಲಿ ಚಿಕ್ಕ ಟಿಪ್ಪಣಿಗಳನ್ನು ಸೇರಿಸಿದನು. ಅದು ಅಷ್ಟು ನಿಜವೋ ತಿಳಿಯದು ಎಂದು ಒಂದು ಕಡೆ. ಆಗಲೂ ತನ್ನಲ್ಲಿ ವಿಶ್ವಾಸವಿತ್ತು, ಆದರೆ ಅದು ಆಳಿನ ವಿಶ್ವಾಸ, ಮಗನದಲ್ಲ ಎಂದು ಇನ್ನೊಂದು ಕಡೆ. ಅವನ ಇಡೀ ಜೀವನಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ಆಳು ದಿನದ ಕೊನೆಯಲ್ಲಿ ಲೆಕ್ಕ ಒಪ್ಪಿಸಬೇಕು. ಕೆಲಸ ಕೆಟ್ಟರೆ ಮನೆಯಲ್ಲಿ ಅವನಿಗೆ ಜಾಗವಿಲ್ಲ. ಮಗನೂ ಕೆಲಸ ಕೆಡಿಸುತ್ತಾನೆ, ಬೈಸಿಕೊಳ್ಳುತ್ತಾನೆ, ಮುಖ ಬಾಡಿಸಿಕೊಂಡು ಕೂರುತ್ತಾನೆ. ಆದರೆ ರಾತ್ರಿ ಊಟಕ್ಕೆ ಅದೇ ಮನೆಯಲ್ಲಿ ಎಲೆ ಹಾಕಿರುತ್ತದೆ. ಆಲ್ಡರ್ಸ್‌ಗೇಟ್ ಬೀದಿಯಲ್ಲಿ ವೆಸ್ಲಿಗೆ ದೊರೆತದ್ದು ಸಂಶಯವಿಲ್ಲದ ಮನಸ್ಸಲ್ಲ, ಸಂಶಯವಿದ್ದಾಗಲೂ ತಾನು ಯಾರ ಮನೆಯವನೆಂಬ ಅರಿವು.

ಇದರ ಪರಿಣಾಮವು 1739ರ ಏಪ್ರಿಲಿನಲ್ಲಿ ಕಂಡಿತು. ಹಳೆಯ ಗೆಳೆಯ ಜಾರ್ಜ್ ವೈಟ್‌ಫೀಲ್ಡನು ಬ್ರಿಸ್ಟಲ್ ಬಳಿಯ ಕಲ್ಲಿದ್ದಲ ಗಣಿಯ ಕೂಲಿಗಳಿಗೆ ಬಯಲಿನಲ್ಲಿ ಬೋಧಿಸುತ್ತಿದ್ದನು, ವೆಸ್ಲಿಯನ್ನೂ ಕರೆದನು. ಚರ್ಚಿನ ಹೊರಗೆ ಬೋಧಿಸುವುದೇ ಪಾಪವೆಂಬಷ್ಟು ಮರ್ಯಾದೆಯ ಅಂಜಿಕೆ ವೆಸ್ಲಿಗೆ. ಆದರೂ ಏಪ್ರಿಲ್ 2ರ ಸಂಜೆ ನಾಲ್ಕು ಗಂಟೆಗೆ ಊರ ಹೊರಗಿನ ಒಂದು ದಿಣ್ಣೆಯ ಮೇಲೆ ನಿಂತು, ಅವನ ಲೆಕ್ಕದಲ್ಲಿ ಸುಮಾರು 3000 ಮಂದಿಗೆ ಬೋಧಿಸಿದನು. ತನ್ನ ಯೋಗ್ಯತೆಯನ್ನು ಹಗಲಿರುಳು ತೂಗುತ್ತಿದ್ದವನು ತೂಗುವುದನ್ನು ಬಿಟ್ಟು ಎದುರಿಗಿದ್ದವರನ್ನು ನೋಡಿದನು. ಮುಂದಿನ ಐವತ್ತು ವರ್ಷಗಳಲ್ಲಿ ಅವನು ಸುಮಾರು 2,50,000 ಮೈಲಿ ಪ್ರಯಾಣಮಾಡಿ 40,000 ಬಾರಿ ಬೋಧಿಸಿದನೆಂದು ಅಂದಾಜು. ಕಲ್ಲೇಟು ತಿಂದನು, 1743ರಲ್ಲಿ ವೆನ್ಸ್‌ಬರಿಯಲ್ಲಿ ಗಲಭೆಕೋರರ ಕೈಯಿಂದ ಕೂದಲೆಳೆಯಲ್ಲಿ ಪಾರಾದನು. ತನ್ನ ತಂದೆಯ ಚರ್ಚಿನಲ್ಲಿ ಬೋಧಿಸಲು 1742ರಲ್ಲಿ ಅನುಮತಿ ದೊರೆಯದೆ ಹೋದಾಗ ಹೊರಗೆ ಬಂದು ತಂದೆಯ ಗೋರಿಕಲ್ಲಿನ ಮೇಲೆ ನಿಂತು ಬೋಧಿಸಿದನು. ಬಡವರಿಗಾಗಿ ಮನೆಮದ್ದಿನ ಪುಸ್ತಕ ಬರೆದನು, ಶಾಲೆ ತೆರೆದನು.

ಅವನು ಏರ್ಪಡಿಸಿದ ಚಿಕ್ಕ ಗುಂಪುಗಳು ನನಗೆ ಅವನ ಉಪದೇಶಗಳಿಗಿಂತ ಮುಖ್ಯವಾಗಿ ತೋರುತ್ತವೆ. ಬ್ರಿಸ್ಟಲಿನ ಸಭಾಮಂದಿರದ ಸಾಲ ತೀರಿಸಲು 1742ರಲ್ಲಿ ವಾರಕ್ಕೆ ತಲೆಗೆ ಒಂದು ಪೆನ್ನಿಯಂತೆ ಎತ್ತಲು, ಹನ್ನೆರಡು ಜನರ ಗುಂಪಿಗೆ ಒಬ್ಬ ಮುಖಂಡನನ್ನು ನೇಮಿಸಿದರು. ಹಣಕ್ಕಾಗಿ ಮನೆಮನೆಗೆ ಹೋದವರಿಗೆ ಅಲ್ಲಿಯ ದುಃಖ, ಕುಡಿತ, ಶಂಕೆಗಳೆಲ್ಲ ತಿಳಿದುಬಂದವು. ಅಂದಿನಿಂದ ಆ ಗುಂಪುಗಳು ವಾರವಾರವೂ ಸೇರಿ ಒಬ್ಬರ ಮನಸ್ಸನ್ನು ಒಬ್ಬರು ವಿಚಾರಿಸುವ ಕೂಟಗಳಾದವು. ಗಣಿಯ ಕೂಲಿಯೂ ಮನೆಗೆಲಸದವಳೂ ಅಲ್ಲಿ ಬಾಯಿಬಿಟ್ಟು ಮಾತನಾಡಲು ಕಲಿತರು. ಎಪ್‌ವರ್ತಿನ ಗುರುವಾರದ ಸಂಜೆಯನ್ನು ಅವನು ಇಂಗ್ಲೆಂಡಿನ ಬಡವರಿಗೆಲ್ಲ ಹಂಚಿದನೆಂದು ನನಗೆ ಅನಿಸುತ್ತದೆ.

ಅವನ ಬಾಳಿನಲ್ಲಿ ಎಲ್ಲವೂ ಸರಿಯಾಗಿತ್ತೆಂದು ಹೇಳಲಾರೆ. 1751ರಲ್ಲಿ ಆದ ಮದುವೆ ಇಬ್ಬರಿಗೂ ಸುಖ ಕೊಡಲಿಲ್ಲ. ಹೆಂಡತಿ ತೀರಿಕೊಂಡ ಸುದ್ದಿ 1781ರಲ್ಲಿ ಅವನಿಗೆ ತಿಳಿದದ್ದು ಶವಸಂಸ್ಕಾರವಾದ ಮೇಲೆ. ಡಾಕ್ಟರ್ ಜಾನ್ಸನ್ನನಿಗೆ ಅವನ ಸಂಭಾಷಣೆ ಬಹಳ ಪ್ರಿಯ. ಆದರೆ ಕಾಲುಚಾಚಿ ಕುಳಿತು ಮಾತನಾಡಲು ಈತನಿಗೆ ಬಿಡುವೇ ಇಲ್ಲವೆಂದು ದೂರುತ್ತಿದ್ದನು. ಹೆಂಡತಿಯ ದೂರೂ ಬಹುಶಃ ಅದೇ ಇದ್ದೀತು.

1766ರ ಜೂನಿನಲ್ಲಿ, ಅರವತ್ತಮೂರರ ಹೊಸ್ತಿಲಲ್ಲಿ, ಅವನು ತಮ್ಮನಿಗೆ ಒಂದು ಪತ್ರ ಬರೆದನು. ಇತರರ ಕಣ್ಣಿಗೆ ಬೀಳಬಾರದೆಂದೋ ಏನೋ, ಕೆಲವು ಭಾಗ ಸಂಕೇತಾಕ್ಷರಗಳಲ್ಲಿದೆ. ತಾನು ದೇವರನ್ನು ಪ್ರೀತಿಸುತ್ತಿಲ್ಲ, ಎಂದೂ ಪ್ರೀತಿಸಿದ್ದಿಲ್ಲ, ಕ್ರೈಸ್ತನೆಂಬ ಅರ್ಥದಲ್ಲಿ ಎಂದೂ ನಂಬಿದ್ದಿಲ್ಲ ಎಂದು ಅದರಲ್ಲಿ ತೋಡಿಕೊಂಡಿದ್ದಾನೆ. ಸಾವಿರಾರು ಜನರಿಗೆ ನಿಶ್ಚಯವನ್ನು ಕೊಟ್ಟವನ ಕೈಬರಹವಿದು. ಆದರೆ ಅದೇ ಪತ್ರದಲ್ಲಿ, ದೇವರು ತನ್ನನ್ನು ಹೀಗೆ ಕೆಲಸಕ್ಕೆ ಹಚ್ಚಿ ಸುತ್ತಲೂ ಬೇಲಿ ಕಟ್ಟಿದ್ದಾನೆಂದೂ ಹೇಳಿ, ಬೋಧಿಸುವುದರಲ್ಲಿ ಸಡಿಲಬೇಡವೆಂದು ತಮ್ಮನನ್ನು ಹುರಿದುಂಬಿಸುತ್ತಾನೆ. 1735ರಲ್ಲಿ ಇಂತಹದೇ ಶಂಕೆ ಅವನನ್ನು ಸಮುದ್ರದಾಚೆಗೆ ಓಡಿಸಿತ್ತು. 1766ರಲ್ಲಿ ಅವನು ಪತ್ರವನ್ನು ಮಡಿಸಿ ಕಳಿಸಿ, ಎಂದಿನಂತೆ ಬೋಧಿಸುತ್ತ ಮುಂದಿನ ಊರಿಗೆ ನಡೆದನು.

ಗುಲಾಮರ ವ್ಯಾಪಾರವನ್ನು ಖಂಡಿಸಿ 1774ರಲ್ಲಿಯೇ ಅವನು ಒಂದು ಪುಸ್ತಿಕೆ ಪ್ರಕಟಿಸಿದ್ದನು. 1791ರ ಫೆಬ್ರವರಿ 24ರಂದು, ಸಾಯುವುದಕ್ಕೆ ಆರು ದಿನ ಮೊದಲು, ಆ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸನಿಗೆ ಪತ್ರ ಬರೆದನು. ಸ್ವಂತ ಬಲವನ್ನೇ ನಚ್ಚಿದರೆ ವಿರೋಧಿಗಳು ಸವೆಸಿಬಿಡುತ್ತಾರೆ, ದೇವರು ಜೊತೆಗಿದ್ದರೆ ಎದುರಿಸಬಲ್ಲವರಾರೂ ಇಲ್ಲ ಎಂಬುದು ಅದರ ಭಾವ. ಮಾರ್ಚ್ 2ರ ಬೆಳಿಗ್ಗೆ ಲಂಡನ್ನಿನ ಸಿಟಿ ರೋಡಿನ ತನ್ನ ಮನೆಯಲ್ಲಿ, ಗೆಳೆಯರು ಸುತ್ತಲೂ ಮೊಣಕಾಲೂರಿದ್ದಾಗ, ಅವನು ಸದ್ದಿಲ್ಲದೆ ತೀರಿಕೊಂಡನು. ಶವಕ್ಕೆ ಆಡಂಬರ ಕೂಡದೆಂದೂ, ಆರು ಮಂದಿ ಬಡವರು ಹೊರಬೇಕೆಂದೂ, ಅವರಿಗೆ ತಲಾ ಒಂದು ಪೌಂಡು ಕೊಡಬೇಕೆಂದೂ ಉಯಿಲಿನಲ್ಲಿ ಬರೆದಿಟ್ಟಿದ್ದನು. ಜನರ ನೂಕುನುಗ್ಗಲಿಗೆ ಹೆದರಿ ಮಾರ್ಚ್ 9ರಂದು ಬೆಳಗಾಗುವ ಮೊದಲೇ ದೀಪದ ಬೆಳಕಿನಲ್ಲಿ ಅವನನ್ನು ಮಣ್ಣುಮಾಡಿದರು.